ನಾಗವೇಣಿಗೆ ಬುದ್ಧಿ ಬಂದದ್ದು ಹೇಗೆ

ಹೆಣ್ಣುಮಗಳಿಗೆ ಬುದ್ಧಿ ಯಾವಾಗ ಬರುತ್ತದೆ ಎಂದು ಕೇಳಿದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಪೆಟ್ಟು ತಿಂದ ಮೇಲೆ. ಗಂಡನ ಮನೆಯಲ್ಲಿ ಅತ್ತು ಬಂದವಳಿಗೆ ಹಿರಿಯರು ಸಮಾಧಾನಕ್ಕೆಂದು ಹೇಳುತ್ತಿದ್ದದ್ದೂ ಇದನ್ನೇ. ‘ಇರ್ಲಿ ಬಿಡವ್ವಾ, ಇನ್ನ ಮ್ಯಾಲ ಶ್ಯಾಣ್ಯಾಕಿ ಆಗ್ತಿ.’ ನಾನೂ ಬಹಳ ದಿನ ಹಾಗೇ ನಂಬಿದ್ದೆ. ಆ ನಂಬಿಕೆಯನ್ನು ಅಲುಗಾಡಿಸಿದವಳು ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ನಾಗವೇಣಿ. ಅವಳನ್ನು ಮನಸ್ಸಿಗೆ ಹಚ್ಚಿಕೊಟ್ಟವರು ಪುಸ್ತಕ ಓದಲು ಬಾರದ ನಮ್ಮ ಮನೆಯ ಹೆಂಗಸರು.

ನಮ್ಮೂರು ಹತ್ತರಗಿ, ಹುಕ್ಕೇರಿ ತಾಲೂಕು. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಸಂಕೇಶ್ವರ ದಾಟಿ ಬೆಳಗಾವಿಯ ಕಡೆ ಬಂದರೆ ಸಿಗುತ್ತದೆ. ಈಗ ಹೊರಗಿನವರಿಗೆ ಊರಿನ ಗುರುತು ಹೇಳಬೇಕೆಂದರೆ ಟೋಲ್ ನಾಕಾದ ಹೆಸರು ಹೇಳಿದರೆ ಸಾಕು. ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾಕಾ ಇರಲಿಲ್ಲ. ರಾತ್ರಿ ಲಾರಿಗಳ ಸದ್ದು ಹೊಲ ದಾಟಿ ಹಿತ್ತಲಿನವರೆಗೆ ಕೇಳುತ್ತಿತ್ತು. ಘಟಪ್ರಭೆಗೆ ಹಿಡಕಲ್ ಬಳಿ ಅಣೆಕಟ್ಟೆ ಎದ್ದಿತ್ತು, ಹಿನ್ನೀರು ಹೊಸದಾಗಿ ಹರಡಿಕೊಂಡಿತ್ತು. ಮನೆಗೆ ಕರೆಂಟು ಬಂದದ್ದು ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘದಿಂದ. 1969ರಲ್ಲಿ ಹುಟ್ಟಿದ ಆ ಸಂಘ ನಮ್ಮ ತಾಲೂಕಿನವರ ಅಭಿಮಾನದ ಸಂಗತಿ. ಪಡಸಾಲೆಯ ನಡುವಿನ ಬಲ್ಬು ಉರಿಯುತ್ತಿದ್ದಷ್ಟು ಹೊತ್ತು ನಮ್ಮ ಓದು ನಡೆಯುತ್ತಿತ್ತು.

ಧಾರವಾಡದಲ್ಲಿ ಕಲಿಯುತ್ತಿದ್ದ ಅಣ್ಣ ಬೇಸಿಗೆ ರಜೆಗೆ ಬರುವಾಗ ಕಾದಂಬರಿಗಳ ಕಟ್ಟನ್ನೇ ಹೊತ್ತು ತರುತ್ತಿದ್ದ. ಆ ವರ್ಷದ ಕಟ್ಟಿನಲ್ಲಿ ಎಲ್ಲಕ್ಕಿಂತ ದಪ್ಪಗಿದ್ದದ್ದು ‘ಮರಳಿ ಮಣ್ಣಿಗೆ’. 1941ರಲ್ಲಿ ಬಂದ ಕಾದಂಬರಿ, ಮೂರು ತಲೆಮಾರಿನ ಕಥೆ. ನನಗೆ ಹತ್ತನೆಯ ಇಯತ್ತೆಯ ಪರೀಕ್ಷೆ ಮುಗಿದಿತ್ತು. ಮುಂಗಾರಿನ ಬಿತ್ತನೆಗೆ ಬೀಜದ ಶೇಂಗಾ ಸುಲಿಯುವ ಕೆಲಸ ಮನೆಯಲ್ಲಿ ನಡೆದಿತ್ತು. ಊಟವಾದ ಮೇಲೆ ಹೆಂಗಸರು ರಾಶಿಯ ಸುತ್ತ ಕೂಡುತ್ತಿದ್ದರು: ಆಯಿ, ಅವ್ವ, ನೆರೆಮನೆಯ ದೊಡ್ಡವ್ವ, ಮತ್ತೆ ಅವ್ವನ ತಂಗಿ, ನಮ್ಮ ಚಿಗವ್ವ. ಗಡಹಿಂಗ್ಲಜ ಕಡೆಯ ಹಳ್ಳಿಗೆ ಕೊಟ್ಟಿದ್ದ ಚಿಗವ್ವ ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಒಂದು ಗಂಟು ಹಿಡಿದು ಬಂದವಳು ತಿರುಗಿ ಹೋಗಿರಲಿಲ್ಲ. ಯಾಕೆ ಎಂದು ಮಕ್ಕಳು ಕೇಳುವಂತಿರಲಿಲ್ಲ. ಸುಲಿಯುವಾಗ ಹೆಬ್ಬೆರಳ ಉಗುರು ನೋಯುತ್ತದೆ, ನಿದ್ದೆಯೂ ಎಳೆಯುತ್ತದೆ. ‘ಅದೇನ್ ಮಾರಿ ಹುಗಿಸಿಕೊಂಡ ಓದಾಕತ್ತಿ, ನಮಗೂ ಕೇಳೂ ಹಂಗ ಓದ’ ಎಂದಳು ಆಯಿ. ಹಾಗೆ ಶುರುವಾಯಿತು.

ಕರಾವಳಿಯ ಆ ಕನ್ನಡ ನನಗೇ ತೊಡಕಾಗುತ್ತಿತ್ತು. ಮಾತುಕತೆ ಬಂದಲ್ಲೆಲ್ಲ ನಮ್ಮ ಮಾತಿಗೆ ತಿರುಗಿಸಿಕೊಂಡು ಓದುತ್ತಿದ್ದೆ. ಕೋಟದ ಹತ್ತಿರದ ಕೋಡಿ, ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಹೊಳೆ, ನಡುವೆ ಉಸುಕಿನ ನೆಲ. ಕಡಲನ್ನು ನಾವು ಯಾರೂ ಕಂಡಿರಲಿಲ್ಲ. ಆದರೆ ಹಿಡಕಲ್ ಹಿನ್ನೀರನ್ನು ಕಂಡಿದ್ದೆವು. ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಬೇಸಿಗೆಯಲ್ಲಿ ನೀರು ಇಳಿದಾಗ ಮತ್ತೆ ತಲೆ ಎತ್ತುವುದನ್ನು ದೊಡ್ಡವ್ವ ಹೋಗಿ ನೋಡಿ ಬಂದಿದ್ದಳು. ನೀರು ಕೊಡುತ್ತದೆ, ಕಸಿದುಕೊಳ್ಳುತ್ತದೆ ಎಂಬುದನ್ನು ಆ ಪಡಸಾಲೆಯಲ್ಲಿ ಬಿಡಿಸಿ ಹೇಳಬೇಕಾಗಲಿಲ್ಲ.

ಮೊದಲ ಭಾಗದಲ್ಲಿ ರಾಮ ಐತಾಳರು, ಅವರ ಹೆಂಡತಿ ಪಾರೋತಿ, ಬಾಲ್ಯದಲ್ಲೇ ವಿಧವೆಯಾದ ತಂಗಿ ಸರಸೋತಿ. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಎರಡನೆಯ ಹೆಂಡತಿಯಾಗಿ ತರುತ್ತಾರೆ. ಪಾರೋತಿ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ಅವ್ವನಿಗೆ ಅವಳ ಮೇಲೆ ಕನಿಕರ, ಆಯಿಗೆ ಸಿಟ್ಟು. ಸತ್ಯಭಾಮೆಗೆ ಲಚ್ಚ ಹುಟ್ಟುತ್ತಾನೆ. ಮುದ್ದಿನಿಂದ ಕೆಡುತ್ತಾನೆ, ಇಂಗ್ಲಿಷ್ ಕಲಿಯಲಿ ಎಂದು ಕಳಿಸಿದ ಊರಲ್ಲಿ ಇನ್ನಷ್ಟು ಕೆಡುತ್ತಾನೆ. ಮದುವೆ ಮಾಡಿದರೆ ಸರಿಹೋದಾನು ಎಂದು ಹಿರಿಯರು ಹೆಣ್ಣು ಹುಡುಕುತ್ತಾರೆ. ಹಾಗೆ ಆ ಮನೆಯ ಹೊಸ್ತಿಲು ದಾಟಿ ಬಂದವಳು ನಾಗವೇಣಿ.

ಬಂದಾಗ ಅವಳು ಏನನ್ನೂ ಅರಿಯದ ಹುಡುಗಿ. ಒಳ್ಳೆಯ ಮನೆತನ, ಸಂಗೀತದ ಒಲವು, ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸುವ ಗುಣ. ಗಂಡನೆಂದರೆ ಒಳ್ಳೆಯವನೇ ಇರಬೇಕು ಎಂಬುದು ಅವಳ ಎಣಿಕೆ. ಕಾರಂತರು ಈ ಮುಗ್ಧತೆಯನ್ನು ಹಾಡಿ ಹೊಗಳುವುದಿಲ್ಲ, ಹೀಗಳೆಯುವುದೂ ಇಲ್ಲ. ಅದರ ಬೆಲೆಯನ್ನು ಯಾರು ತೆತ್ತರು ಎಂದಷ್ಟೇ ತೋರಿಸುತ್ತಾರೆ. ಲಚ್ಚ ಹೊರಗೆ ಹಚ್ಚಿಕೊಂಡ ರೋಗ ಅವಳ ಮೈಗೆ ಬರುತ್ತದೆ. ಹೊಟ್ಟೆಯ ಕೂಸು ಉಳಿಯುವುದಿಲ್ಲ.

ಆ ಪುಟಗಳಿಗೆ ಬಂದಾಗ ಅವ್ವ ‘ಅದನ್ನ ಬಿಟ್ಟು ಮುಂದಿಂದ ಓದ’ ಎಂದಳು. ಆಯಿ ಒಪ್ಪಲಿಲ್ಲ. ‘ಓದ್ಲಿ ಬಿಡ. ನಾಳೆ ಅಕಿನೂ ಒಬ್ಬರ ಮನೀಗೆ ಹೋಗಾಕಿನ ಅದಾಳ’ ಎಂದಳು. ನಾನು ಓದಿದೆ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಮನೆಯೊಳಗೆ ಯಾರೂ ಬಾಯಿಬಿಟ್ಟು ಹೇಳದ ಸಂಗತಿ ಒಂದು ಪುಸ್ತಕದಲ್ಲಿ ಅಚ್ಚಾಗಿರುವುದನ್ನು ಅದೇ ಮೊದಲು ಕಂಡೆ. ಚಿಗವ್ವ ತಲೆ ಎತ್ತಲಿಲ್ಲ. ಅವಳ ಮುಂದಿನ ಮೊರದಲ್ಲಿ ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಇರಬೇಕಾದದ್ದು ಎರಡೂ ಕಲಸಿಹೋಗಿದ್ದವು. ಆಯಿ ಮೊರವನ್ನು ತನ್ನ ಕಡೆ ಎಳೆದುಕೊಂಡು ಬೇರೆ ಮಾಡತೊಡಗಿದಳು.

ಮಗನ ನಡತೆ ಕಂಡ ಐತಾಳರು ಆಸ್ತಿಯನ್ನು ಅವನಿಗೆ ಬಿಡದೆ ಸೊಸೆಯ ಹೆಸರಿಗೆ ಮಾಡುತ್ತಾರೆ. ಇಲ್ಲಿ ನಮ್ಮ ಪಡಸಾಲೆ ಹಿಗ್ಗಿತು. ‘ಮುದುಕ ಶ್ಯಾಣ್ಯಾ’ ಎಂದಳು ದೊಡ್ಡವ್ವ. ಆದರೆ ಐತಾಳರ ಕಾಲ ಮುಗಿದ ಮೇಲೆ ಲಚ್ಚ ಒಳ್ಳೆಯವನಾದಂತೆ ನಟಿಸುತ್ತಾ ಬರುತ್ತಾನೆ. ನಾಗವೇಣಿ ನಂಬುತ್ತಾಳೆ. ಗಂಡ ಮರಳಿ ಬಂದ ಎಂಬ ಸಂತೋಷದಲ್ಲಿ ಆಸ್ತಿ ಅವಳ ಕೈಬಿಡುತ್ತದೆ, ಅವನ ಕೈಯಲ್ಲಿ ಅದು ಕರಗಿಹೋಗುತ್ತದೆ. ಮನೆ ಇಲ್ಲ, ಹೊಲ ಇಲ್ಲ, ಕಂಕುಳಲ್ಲಿ ರಾಮನೆಂಬ ಮಗ.

ಪುಸ್ತಕ ಮುಚ್ಚಿ ಆಯಿಯ ಮುಖ ನೋಡಿದೆ. ಅವಳು ನಾಗವೇಣಿಯನ್ನು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ: ‘ಸಹಿ ಮಾಡೂ ಮುಂದ ತಡಿ ತಂಗಿ ಅನ್ನಾವ್ರು ಆ ಮನ್ಯಾಗ ಒಬ್ಬರೂ ಇರಲಿಲ್ಲೇನು?’

ಅಲ್ಲಿಂದೀಚೆಗೆ ಎಷ್ಟೋ ಸಲ ಆ ಕಾದಂಬರಿ ಓದಿದ್ದೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾ ಅದರ ಕಥೆಯನ್ನು ಮಕ್ಕಳಿಗೆ ಹೇಳಿದ್ದೇನೆ. ನಾಗವೇಣಿಯ ಬಗ್ಗೆ ವಿದ್ವಾಂಸರು ಬರೆದದ್ದನ್ನೂ ಓದಿದ್ದೇನೆ. ಅಕ್ಷರ ಬಾರದ ಆಯಿ ಕೇಳಿದ ಆ ಪ್ರಶ್ನೆಗಿಂತ ಹತ್ತಿರದಿಂದ ಆ ಪಾತ್ರವನ್ನು ಹಿಡಿದ ಮಾತು ನನಗೆ ಇನ್ನೂ ಸಿಕ್ಕಿಲ್ಲ.

ಪೆಟ್ಟಿನಿಂದಲೇ ಬುದ್ಧಿ ಬರುವುದಾಗಿದ್ದರೆ ನಾಗವೇಣಿಗೆ ಮೊದಲ ವರ್ಷವೇ ಬರಬೇಕಿತ್ತು. ಗಂಡನಿಂದ ರೋಗ ಬಂತು, ಕೂಸು ಹೋಯಿತು, ಅವಮಾನವಾಯಿತು. ಅಷ್ಟಾದರೂ ಅವನು ಎರಡು ಸವಿಮಾತು ಆಡಿದಾಗ ಮತ್ತೆ ನಂಬಿದಳು. ನೋವು ಅವಳನ್ನು ದಣಿಸಿತ್ತು. ದಣಿದ ಜೀವ ಆಸರೆಗಾಗಿ ಹಾತೊರೆಯುತ್ತದೆ, ಯಾರು ಆಸರೆಯ ಮಾತಾಡಿದರೂ ಒರಗುತ್ತದೆ. ಲಚ್ಚನಿಗೆ ಇದು ಚೆನ್ನಾಗಿ ಗೊತ್ತಿತ್ತು. ಲೇಖಕರು ಇದನ್ನು ವಿವರಿಸಲು ಹೋಗುವುದಿಲ್ಲ, ಒಂದಾದ ಮೇಲೊಂದು ನಡೆದದ್ದನ್ನು ಹೇಳುತ್ತಾ ಹೋಗುತ್ತಾರೆ. ಓದುವವರಿಗೆ ತಾವಾಗಿಯೇ ತಿಳಿಯುತ್ತದೆ.

ಹಾಗಾದರೆ ಅವಳು ಗಟ್ಟಿಯಾದದ್ದು ಯಾವಾಗ? ನಿಲ್ಲಲು ಒಂದಿಷ್ಟು ನೆಲ, ಜೊತೆಗೆ ನಿಲ್ಲುವ ಜನ, ಕೈಗೆ ಕೆಲಸ, ಕಾಪಾಡಿಕೊಳ್ಳಬೇಕಾದ ಮಗ ಎಲ್ಲ ಒಟ್ಟಿಗೆ ಸಿಕ್ಕ ಮೇಲೆ. ತವರು ಕೈಬಿಡಲಿಲ್ಲ. ಸರಸೋತಿಯಂಥ ಹಿರಿಯ ಹೆಣ್ಣಿನ ಬಾಳು ಕಣ್ಣ ಮುಂದಿತ್ತು. ಸರಸೋತಿಗೆ ಗಂಡನಿಲ್ಲ, ಮಕ್ಕಳಿಲ್ಲ, ಆಸ್ತಿಯಿಲ್ಲ. ಆದರೂ ಆ ಮನೆಯಲ್ಲಿ ನೇರವಾಗಿ ನೋಡಿ ನೇರವಾಗಿ ಮಾತಾಡುವವಳು ಅವಳೊಬ್ಬಳೇ. ಮೊದಲೇ ಇದ್ದ ಸಂಗೀತದ ಒಲವನ್ನು ನಾಗವೇಣಿ ಬಿಡಲಿಲ್ಲ, ಅದನ್ನು ಮಗನಿಗೂ ದಾಟಿಸಿದಳು. ಕೋಡಿಯ ಉಸುಕಿನ ನೆಲದಲ್ಲಿ ದುಡಿದು ಮಗನನ್ನು ಓದಿಸಿದಳು. ರಾಮ ಮದರಾಸಿಗೆ ಹೋಗಿ, ಸ್ವಾತಂತ್ರ್ಯ ಚಳವಳಿಗೆ ಧುಮುಕಿ, ಸೆರೆಮನೆ ಕಂಡು, ಕೆಲಸಕ್ಕಾಗಿ ಮುಂಬೈಯವರೆಗೆ ಅಲೆದು ಕೊನೆಗೆ ಅದೇ ಮಣ್ಣಿಗೆ ಮರಳುತ್ತಾನೆ. ಮರಳಲು ಒಂದು ಮನೆ ಉಳಿದಿದ್ದರೆ ಅದು ಆ ತಾಯಿಯಿಂದ. ಕಾದಂಬರಿಯ ಹೆಸರಿನ ಹಿರಿಮೆಯನ್ನೆಲ್ಲ ಮಗನಿಗೆ ಕೊಡುವವರಿದ್ದಾರೆ. ಆ ಮಣ್ಣಿನಲ್ಲಿ ಮೊದಲು ಕಾಲೂರಿ ನಿಂತವಳು ನಾಗವೇಣಿ.

ಇನ್ನೊಂದು ಸಂಗತಿ ನನ್ನನ್ನು ಇವತ್ತಿಗೂ ಬೆರಗುಗೊಳಿಸುತ್ತದೆ. ಅಷ್ಟು ಕಂಡ ಮೇಲೂ ಅವಳ ಮನಸ್ಸು ಕಹಿಯಾಗುವುದಿಲ್ಲ. ಗಂಡನನ್ನು ನಂಬುವುದನ್ನು ಬಿಡುತ್ತಾಳೆ, ಮನುಷ್ಯರನ್ನು ನಂಬುವುದನ್ನು ಬಿಡುವುದಿಲ್ಲ. ಮಗನ ಮೇಲೆ ಪ್ರೀತಿಯಿದೆ, ಅವನನ್ನು ಸೆರಗಿಗೆ ಕಟ್ಟಿಕೊಳ್ಳುವ ಹಟವಿಲ್ಲ. ಲೋಕ ಅರಿತವರೆಂದರೆ ಯಾರನ್ನೂ ನಂಬದವರು ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ನಾಗವೇಣಿಯ ಅರಿವು ಅದಕ್ಕಿಂತ ದೊಡ್ಡದು.

ಚಿಗವ್ವನ ಮಾತು ಹೇಳದೆ ಇದನ್ನು ಮುಗಿಸಲಾರೆ. ಅವಳ ಗಂಡನ ಮನೆಯವರು ಒಂದು ಕಾಗದಕ್ಕೆ ಅವಳ ಹೆಬ್ಬೆಟ್ಟು ಕೇಳಿದ್ದರು. ಮದುವೆಯಲ್ಲಿ ಅವಳ ಹೆಸರಿಗೆ ಹಚ್ಚಿಕೊಟ್ಟಿದ್ದ ಹೊಲದ ತುಂಡನ್ನು ಒತ್ತೆ ಇಡುವ ಕಾಗದ ಅದು. ಅವಳು ಒಲ್ಲೆ ಎಂದದ್ದಕ್ಕೆ ಬದುಕು ಕಷ್ಟವಾಯಿತು, ಗಂಟು ಹಿಡಿದು ಬಂದಳು. ಇದು ನನಗೆ ತಿಳಿದದ್ದು ಆ ರಾತ್ರಿ, ಆಯಿ ಆ ಪ್ರಶ್ನೆ ಕೇಳಿದ ಮೇಲೆ. ಚಿಗವ್ವ ತಾನಾಗಿಯೇ ಬಾಯಿಬಿಟ್ಟಳು: ‘ನಾ ಹೆಬ್ಬಟ್ಟ ಒತ್ತಿಲ್ಲ ಬೇ.’ ಅಲ್ಲಿಯವರೆಗೆ ಗಂಡನ ಮನೆ ಬಿಟ್ಟು ಬಂದದ್ದು ತನ್ನ ತಪ್ಪು ಎಂಬಂತೆ ಮೂಲೆ ಹಿಡಿದು ಕೂಡುತ್ತಿದ್ದಳು. ನಾಗವೇಣಿಗೆ ಆದದ್ದನ್ನು ಕೇಳಿದ ಮೇಲೆ ತಾನು ಮಾಡಿದ್ದು ಸರಿಯಾದ ಕೆಲಸ ಎಂದು ಅವಳಿಗೆ ಅನಿಸಿತು. ಆಯಿ ಅವಳ ಬೆನ್ನ ಮೇಲೆ ಕೈಯಾಡಿಸಿ ‘ಚಲೋ ಮಾಡಿದಿ’ ಎಂದಳು. ಆ ಮನೆಯಲ್ಲಿ ಆಯಿ ಹಾಗೆಂದಳೆಂದರೆ ಮರುದಿನದಿಂದ ಯಾರೂ ಅವಳನ್ನು ತಿರುಗಿ ಹೋಗು ಎನ್ನುವ ಹಾಗಿರಲಿಲ್ಲ.

ಉಳಿದ ಕಾದಂಬರಿಯನ್ನು ಚಿಗವ್ವ ಕೇಳಿ ಮುಗಿಸಲು ಒಪ್ಪಲಿಲ್ಲ. ‘ಮುಂದಿಂದು ನಾನ ಓದ್ತೀನಿ, ನನಗ ಕಲಸ’ ಎಂದಳು. ಅವಳಿಗೆ ಎರಡನೆಯ ಇಯತ್ತೆಯವರೆಗಿನ ಅಕ್ಷರ ಅಳಿಸಿ ಉಳಿದಿತ್ತು. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದಳು. ಸಾಲಿನ ಕೆಳಗೆ ಕೌದಿ ಹೊಲಿಯುವ ಸೂಜಿ ಹಿಡಿದುಕೊಂಡು, ಒಂದೊಂದೇ ಅಕ್ಷರ ದಾಟುತ್ತಾ ಓದುತ್ತಿದ್ದಳು. ಒಂದು ಪುಟಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು. ಮಳೆಗಾಲ ಹೋಗಿ ದೀಪಾವಳಿಯೂ ಮುಗಿದ ಮೇಲೆ ಒಂದು ದಿನ ನನ್ನನ್ನು ಕರೆದು, ರಾಮ ಊರಿಗೆ ಬಂದ ಎಂದು ಹೇಳಿದಳು, ನೆಂಟರ ಹುಡುಗ ಬಂದ ಸುದ್ದಿ ಹೇಳುವ ಹಾಗೆ. ಆಮೇಲೆ ಹೊಲಿಗೆ ಮಷೀನು ಬಂತು, ಊರ ಹೆಂಗಸರ ಕುಪ್ಪಸಗಳು ಬಂದವು. ಆ ಹೊಲದ ಉತಾರದಲ್ಲಿ ಕೊನೆಯವರೆಗೂ ಅವಳದೇ ಹೆಸರಿತ್ತು. ಉತಾರ ತೆಗೆಸಿ ಅದನ್ನು ಓದಿಕೊಂಡೇ ಮಡಚಿ ಇಡುತ್ತಿದ್ದಳು.

ಮುಂದೆ ಧಾರವಾಡಕ್ಕೆ ಕಲಿಯಲು ಹೋದಾಗ ಕನ್ನಡದ ಬೇರೆ ನಾಯಕಿಯರನ್ನೂ ಇದೇ ಪ್ರಶ್ನೆ ಹಿಡಿದು ಓದಿದೆ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬಂದದ್ದು 1899ರಲ್ಲಿ. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಹುಡುಗಿ, ಕಪಟ ಸನ್ಯಾಸಿಗಳ ಬಲೆಗೆ ಬಿದ್ದ ತಂದೆತಾಯಿ. ಇಂದಿರೆ ಮನೆ ಬಿಟ್ಟು ಹೊರಡುತ್ತಾಳೆ, ಅಮೃತರಾಯರ ಮನೆಯ ಬಾಗಿಲು ಅವಳಿಗೆ ತೆರೆಯುತ್ತದೆ. ಅಲ್ಲಿ ಓದುತ್ತಾಳೆ, ಬೆಳೆಯುತ್ತಾಳೆ, ಮರುಮದುವೆಯಾಗುತ್ತಾಳೆ. ಧೈರ್ಯ ಅವಳದೇ. ಆ ಬಾಗಿಲು ತೆರೆಯದಿದ್ದರೆ ಅಷ್ಟು ಧೈರ್ಯವೂ ಬೀದಿಪಾಲಾಗುತ್ತಿತ್ತು.

ನಮ್ಮದೇ ನೆಲದ ನಾಯಕಿ ಸಿಂಗಾರೆವ್ವ. ಚಂದ್ರಶೇಖರ ಕಂಬಾರರು ಹುಟ್ಟಿದ್ದು 1937ರಲ್ಲಿ ಘಟಪ್ರಭೆಯ ದಂಡೆಯ ಘೋಡಗೇರಿಯಲ್ಲಿ. ನಮ್ಮ ಹುಕ್ಕೇರಿ ತಾಲೂಕಿನ ಊರು ಅದು. ‘ಸಿಂಗಾರೆವ್ವ ಮತ್ತು ಅರಮನೆ’ ಓದುವಾಗ ಮಾತು ತಿರುಗಿಸಿಕೊಳ್ಳುವ ಕಷ್ಟವೇ ಇರಲಿಲ್ಲ, ಅದು ನಮ್ಮ ಪಡಸಾಲೆಯ ಮಾತೇ. ಅರಮನೆಯ ಆಸೆಗೆ ಅಪ್ಪ ಮಗಳನ್ನು ದೇಸಾಯಿಗೆ ಕೊಡುತ್ತಾನೆ. ದೇಸಾಯಿಗೆ ಆಟದ ಹುಚ್ಚು, ಸಂಸಾರದ ಗೊಡವೆಯಿಲ್ಲ. ಸಿಂಗಾರೆವ್ವ ಹಂಬಲಿಸುವುದು ಪ್ರೀತಿಗೆ, ಒಂದು ಕೂಸಿಗೆ. ಕಥೆ ಹೇಳುವವಳು ಅವಳ ಜೊತೆಗಿದ್ದ ಶೀನಿಂಗಿ. ಟಿ.ಎಸ್. ನಾಗಾಭರಣ ಇದನ್ನು ಸಿನಿಮಾ ಮಾಡಿದಾಗ ಸಿಂಗಾರೆವ್ವನಾಗಿ ಪ್ರೇಮಾ ನಟಿಸಿದರು. ಸಿಂಗಾರೆವ್ವ ಪೆದ್ದಿಯಲ್ಲ, ಅವಳಿಗೆ ಕಣ್ಣಿದೆ, ಎದೆಗಾರಿಕೆಯಿದೆ. ಆದರೆ ತವರೇ ಅವಳನ್ನು ಮಾರಿಕೊಂಡಿದೆ. ಜೊತೆಗಿರುವ ಶೀನಿಂಗಿಗೆ ಪ್ರೀತಿಯಿದೆ, ಅಧಿಕಾರವಿಲ್ಲ. ಬುದ್ಧಿ ಬಂದರೂ ಅದನ್ನು ಊರಿ ನಿಲ್ಲಲು ಅವಳಿಗೆ ನೆಲ ಸಿಗುವುದಿಲ್ಲ. ನಾಗವೇಣಿಯನ್ನೂ ಸಿಂಗಾರೆವ್ವನನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಆಯಿಯ ಪ್ರಶ್ನೆ ಎಷ್ಟು ದೂರ ಹೋಗುತ್ತದೆ ಎಂದು ತಿಳಿಯುತ್ತದೆ.

ಕಾದಂಬರಿ ನಮ್ಮ ಹಳ್ಳಿಗಳಿಗೆ ಬರುವುದಕ್ಕೆ ಮುಂಚೆಯೂ ಇಲ್ಲಿನ ಹೆಂಗಸರು ಇಂಥ ಹೆಣ್ಣುಗಳ ಕಥೆ ಕಂಡವರೇ. ಮೂಡಲಗಿ ಸೀಮೆಯ ಕುಲಗೋಡದ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದ ಶ್ರೀಕೃಷ್ಣ ಪಾರಿಜಾತದಲ್ಲಿ ಸತ್ಯಭಾಮೆ ರಾತ್ರಿಯಿಡೀ ಸೆಡವು ಮಾಡುತ್ತಾಳೆ, ಅಳುತ್ತಾಳೆ, ಬೆಳಗಾಗುವ ಹೊತ್ತಿಗೆ ತಿಳಿಯುತ್ತಾಳೆ. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಆ ಆಟದಿಂದಲೇ ನಾಡಿಗೆಲ್ಲ ಹೆಸರಾದ ಕಲಾವಿದೆ. ಆಯಿ ಪಾರಿಜಾತ ನೋಡಿ ಬೆಳೆದವಳು. ಒಬ್ಬ ಹೆಣ್ಣಿನ ಕಥೆಯನ್ನು ತೀರ್ಪು ಕೊಡಲು ಅವಸರ ಮಾಡದೆ, ಬೆಳಗಿನವರೆಗೆ ಕೂತು ಕೇಳುವ ತಾಳ್ಮೆ ಅವಳಿಗೆ ಅಲ್ಲಿಂದ ಬಂದಿತ್ತು.

ನಾಗವೇಣಿಗೆ ಆಸ್ತಿ ಬಂದದ್ದು ಮಾವನ ದೊಡ್ಡ ಮನಸ್ಸಿನಿಂದ. ನಮ್ಮ ಮಕ್ಕಳಿಗೆ ಕಾನೂನೇ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಗಳಿಗೂ ಹುಟ್ಟಿನಿಂದ ಹಕ್ಕು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು. ಆಗ ಮೊದಲೇ ಮದುವೆಯಾದವರು ಹೊರಗುಳಿದಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕು ಎಂದೇನಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿತು. ಇಷ್ಟಿದ್ದೂ ತವರಿನ ಪ್ರೀತಿ ಉಳಿಯಲೆಂದು ಓದದೆಯೇ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿ ಬಂದ ನನ್ನ ವಿದ್ಯಾರ್ಥಿನಿಯರಿದ್ದಾರೆ. ಅವರಲ್ಲಿ ಡಿಗ್ರಿ ಓದಿದವರೂ ಇದ್ದಾರೆ. ಬಿಟ್ಟುಕೊಡುವುದು ಅವರ ಇಷ್ಟ, ಅದನ್ನು ನಾನು ಪ್ರಶ್ನಿಸುವುದಿಲ್ಲ. ಏನನ್ನು ಬಿಟ್ಟುಕೊಡುತ್ತಿದ್ದೇನೆ ಎಂದು ತಿಳಿದು ಬಿಡಲಿ ಎಂಬುದಷ್ಟೇ ನನ್ನ ಆಸೆ.

ಅದಕ್ಕೇ ಓದುಗರಲ್ಲಿ ನನ್ನ ಬಿನ್ನಹ ಇಷ್ಟೇ. ಮನೆಯಲ್ಲಿ ಹದಿನೈದು ದಾಟಿದ ಹುಡುಗಿ ಇದ್ದರೆ ‘ಮರಳಿ ಮಣ್ಣಿಗೆ’ ತಂದುಕೊಡಿ. ದಪ್ಪಗಿದೆ ಎಂದು ಹೆದರಿದರೆ ದಿನಕ್ಕೆ ಹತ್ತು ಪುಟ ಗಟ್ಟಿಯಾಗಿ ಓದಿಸಿ, ಮನೆಯ ಹಿರಿಯ ಹೆಂಗಸರನ್ನೂ ಕೇಳಲು ಕೂಡಿಸಿ. ಕಷ್ಟದ ಪುಟಗಳನ್ನು ಬಿಡಿಸಬೇಡಿ. ಮುಂದೆ ಅವಳ ಎದುರಿಗೆ ಯಾರಾದರೂ ಸಹಿಗೆಂದು ಒಂದು ಕಾಗದ ಇಟ್ಟ ದಿನ ನೀವು ಅಲ್ಲಿ ಇರಿ, ‘ತಡಿ, ಓದಿ ನೋಡೋಣ’ ಎನ್ನಿ.